ಗೇಟಿನ ಆಚೆ ಮಲಗಿದ ಸಣ್ಣಮ್ಮ

ಮೊದಲ ಸಲ ಬಾಡಿಗೆ ಮನೆ ಕಟ್ಟಿಸುವವರಿಗೆ ಸಲಹೆ ಕೊಡುವವರು ಬಹಳ ಜನ ಸಿಗುತ್ತಾರೆ...

ತುಮಕೂರಿನ ನಾಗಭೂಷಣನಿಗೆ ಸಿಕ್ಕವರು ಅವನ ಅಕ್ಕನ ಗಂಡ, ರಂಗಸ್ವಾಮಿ. ಊರಲ್ಲಿ ಸಾಲಾಗಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರು.

ಭೂಷಣನದು ಪ್ಲೈವುಡ್ ಅಂಗಡಿ. ಬ್ಯಾಂಕ್ ಸಾಲ ಮಾಡಿ, ಕೆಳಗೆ ತನಗೊಂದು ಮನೆ, ಮೇಲೆ ಬಾಡಿಗೆಗೆ ಅಂತ ಕಟ್ಟಿಸಿದ್ದ.

ಗೃಹಪ್ರವೇಶದ ಊಟ ಮುಗಿಸಿ, ಎಲೆಗೆ ಸುಣ್ಣ ಸವರುತ್ತಾ ಭಾವ ಪಾಠ ಶುರು ಮಾಡಿದರು.

"ನೋಡು ಭೂಷಣ, ಒಂದೊಂದು ಮನೆಗೂ ಬೇರೆ ಕರೆಂಟ್ ಮೀಟರ್ ಹಾಕ್ಸು, ಇಲ್ದಿದ್ರೆ ತಿಂಗಳಾ ತಿಂಗಳಾ ಜಗಳ. ಅಗ್ರಿಮೆಂಟ್ ಇಲ್ದೆ ಬೀಗದ ಕೈ ಕೊಡ್ಬೇಡ. ಮನೆ ಖಾಲಿ ಬಿದ್ರೂ ಕಂತು ಕಟ್ಟೋಕೆ ಒಂದಿಷ್ಟು ಕೈಲಿಟ್ಕೊಂಡಿರು."

"ಸರಿ ಭಾವ."

"ಲಾಯರ್‌ಗೆ ಮನೆ ಕೊಡ್ಬೇಡ, ಪೊಲೀಸ್‌ಗೂ ಕೊಡ್ಬೇಡ. ಒಳಗೆ ಬಂದ್ಮೇಲೆ ಅವ್ರೇ ಓನರ್ರು, ನೀನೇ ಬಾಡಿಗೆಯವ್ನು!"

ಸುತ್ತ ಕೂತಿದ್ದವರೆಲ್ಲ ನಕ್ಕರು. ಭಾವ ಮಾತ್ರ ದನಿ ತಗ್ಗಿಸಿದರು...

"ಇನ್ನೊಂದು. ಕಾಯಿಲೆ ಬಿದ್ದ ಮುದುಕ್ರು ಇದ್ರೆ ಹುಷಾರು. ಪ್ರಾಣ ಮನೆಯೊಳಗೆ ಹೋಗ್ಬಾರ್ದು. ಕೆಟ್ಟ ನಕ್ಷತ್ರದಲ್ಲಿ ಸತ್ರೆ ತಿಂಗಳುಗಟ್ಲೆ ಮನೆಗೆ ಬೀಗ ಹಾಕ್ಬೇಕಾಗುತ್ತೆ. ಮನೆಗೆ ಬೀಗ ಬೀಳುತ್ತೆ ಕಣೋ... ಬ್ಯಾಂಕಿನ ಕಂತಿಗೆ ಬೀಳಲ್ಲ!"

ಉಳಿದ ಸಲಹೆಗಳು ಒಳ್ಳೆಯವೇ. ಆದರೆ ಭೂಷಣನ ಮನಸ್ಸಿನಲ್ಲಿ ನಾಟಿದ್ದು ಈ ಕೊನೆಯದು.

ಮೇಲಿನ ಮನೆಗೆ ಬಸ್ ಡಿಪೋದ ಮೆಕ್ಯಾನಿಕ್ ತಿಪ್ಪೇಶ ಬಂದ. ಜೊತೆಗೆ ಹೆಂಡತಿ, ತಾಯಿ ಸಣ್ಣಮ್ಮ.

ಭೂಷಣನ ತಾಯಿ ಗಿರಿಜಮ್ಮನಿಗೂ ಸಣ್ಣಮ್ಮನಿಗೂ ವಾರದಲ್ಲೇ ಗೆಳೆತನ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ, ತಂತಮ್ಮ ಸೊಸೆಯರ ಸಾರಿನ ರುಚಿಯನ್ನು ಹೀಗಳೆಯುತ್ತಿದ್ದರು.

ಮಾರನೆಯ ವರ್ಷ ಸಣ್ಣಮ್ಮ ಮಲಗಿಬಿಟ್ಟಳು... ಹೊಟ್ಟೆಯಲ್ಲಿ ಗಡ್ಡೆ.

"ಇನ್ನು ನಮ್ಮ ಕೈಲಿಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದರು ಡಾಕ್ಟರ್.

ಮಗ ಮನೆಗೆ ಕರೆತಂದ. ಮನೆಯೇನೋ ಇತ್ತು... ಆದರೆ ಅವನದಲ್ಲ.

ಬೆಳಿಗ್ಗೆ ಭೂಷಣ ಮೇಲೆ ಹತ್ತಿ ಬಂದ. ಹೊಸಿಲ ಆಚೆಯೇ ನಿಂತ.

"ತಿಪ್ಪೇಶ್, ಅಮ್ಮನ್ನ ಇಲ್ಲಿ ಇಟ್ಕೋಬೇಡಿ. ಆಸ್ಪತ್ರೆಗೆ ಸೇರ್ಸಿ."

"ಆಸ್ಪತ್ರೆಯವ್ರೇ ಕಳ್ಸಿರೋದು ಸಾರ್."

"ಹಂಗಾದ್ರೆ ಊರಿಗೆ ಕರ್ಕೊಂಡ್ಹೋಗಿ. ನೆಂಟ್ರು ಯಾರೂ ಇಲ್ವಾ?"

"ಊರಲ್ಲಿ ನಮಗೆ ಸೂರಿಲ್ಲ ಸಾರ್. ನೆಂಟ್ರೆಲ್ಲಾ ಬಾಡಿಗೆ ಮನೇಲೇ ಇರೋದು... ಎಲ್ಲಿಗೆ ಕರ್ಕೊಂಡ್ಹೋದ್ರೂ ಅಲ್ಲೊಬ್ರು ನಿಮ್ಮಂಥೋರು ಇರ್ತಾರಲ್ಲ."

ಒಳಗಿನಿಂದ ಸಣ್ಣಮ್ಮನ ದನಿ ಬಂತು. ಕ್ಷೀಣವಾಗಿತ್ತು, ಮೊನಚು ಮಾತ್ರ ಹೋಗಿರಲಿಲ್ಲ.

"ಏನಪ್ಪೋ ಭೂಷಣಪ್ಪ... ಸಾಯಾಕೂ ಬೇರೆ ಅಡ್ವಾನ್ಸ್ ಕೊಡ್ಬೇಕಾ?"

ಭೂಷಣ ಮೆಟ್ಟಿಲಿಳಿದು ಹೋದ. ತಾನೇ ಫೋನ್ ಮಾಡಿ ಆಂಬುಲೆನ್ಸ್ ಕರೆಸಿದ. ಎಲ್ಲಿಗೆ ಹೋಗಬೇಕೆಂದು ಡ್ರೈವರ್ ಕೇಳಿದರೆ, "ಬನ್ನಿ, ಆಮೇಲೆ ಹೇಳ್ತಾರೆ" ಎಂದ.

ದುಪ್ಪಟಿಯಲ್ಲಿ ಮಲಗಿಸಿ, ತಿಪ್ಪೇಶ, ಅವನ ಹೆಂಡತಿ ಇಬ್ಬರೂ ಸಣ್ಣಮ್ಮನನ್ನು ಕೆಳಗಿಳಿಸಿದರು. ಪ್ರತಿ ಮೆಟ್ಟಿಲಿಗೂ ಅವಳು ನರಳುತ್ತಿದ್ದಳು.

"ಗಾಡಿ ಬರೋವರ್ಗೂ ಇಲ್ಲಿ ಪಾರ್ಕಿಂಗಲ್ಲಿ ಮಲಗಿಸ್ತೀನಿ ಸಾರ್... ನೆರಳೈತೆ."

ಭೂಷಣ ಭಾವನಿಗೆ ಫೋನ್ ಮಾಡಿ ಕೇಳಿದ. ಕೇಳಿ ಬಂದು, ನೆಲ ನೋಡುತ್ತಾ ಹೇಳಿದ.

"ಕಾಂಪೌಂಡ್ ಒಳಗೆ ಬೇಡ."

ಗೇಟಿನ ಆಚೆ, ಚರಂಡಿ ಮುಚ್ಚಿದ ಕಲ್ಲು ಚಪ್ಪಡಿಯ ಮೇಲೆ ಸಣ್ಣಮ್ಮನನ್ನು ಮಲಗಿಸಿದರು. ಬಿಸಿಲು. ಕೆಳಗೆ ಚರಂಡಿಯ ನಾತ. ಎದುರಿಗೆ ತರಕಾರಿ ಗಾಡಿಯವನು ಕೂಗುವುದನ್ನು ನಿಲ್ಲಿಸಿ ನಿಂತುಬಿಟ್ಟ.

ಗಿರಿಜಮ್ಮ ಓಡಿ ಬಂದಳು. ಮಗನ ಮುಖ ನೋಡಲಿಲ್ಲ. ಚಪ್ಪಡಿಯ ಮೇಲೆ ಕೂತು, ಗೆಳತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಬಿಸಿಲು ಮರೆ ಮಾಡಿದಳು.

"ಸಣ್ಣಕ್ಕಾ, ಒಂದು ಗುಟುಕು ನೀರು ಕುಡಿ..."

ತುಟಿಗೆ ಬಿಟ್ಟ ನೀರು ಕೆನ್ನೆಯ ಮೇಲೆ ಹರಿದು ಕಲ್ಲಿಗೆ ಬಿತ್ತು.

ಆಂಬುಲೆನ್ಸ್ ಬಂದಾಗ ಸಣ್ಣಮ್ಮ ಇರಲಿಲ್ಲ.

ಭೂಷಣ ಒಳಗೆ ಹೋಗಿ ಜೋಯಿಸರಿಗೆ ಫೋನ್ ಮಾಡಿದ. ಗೇಟಿನ ಹೊರಗೆ ಸತ್ತರೆ ಮನೆಗೆ ತಾಗುತ್ತದೆಯೇ ಎಂದು ತಿಳಿಯಬೇಕಿತ್ತು ಅವನಿಗೆ.

"ಯಾವ ದೋಷಾನೂ ಇಲ್ಲಪ್ಪ, ಇವತ್ತಿನ ನಕ್ಷತ್ರ ಚೆನ್ನಾಗೈತೆ" ಎಂದರು ಜೋಯಿಸರು. "ಮನೆಯೊಳಗೇ ಹೋಗಿದ್ರೂ ಏನೂ ತೊಂದ್ರೆ ಇರ್ಲಿಲ್ಲ."

ಆಕಾಶದಲ್ಲಿ ಯಾವ ದೋಷವೂ ಇರಲಿಲ್ಲ... ಇದ್ದದ್ದೆಲ್ಲ ಗೇಟಿನ ಒಳಗೆ.

ನಕ್ಷತ್ರ ಕೆಟ್ಟದ್ದೇ ಆಗಿದ್ದರೆ? ಆಗ ಆ ಜೀವವನ್ನು ಬೀದಿಗೆ ಹಾಕುವುದು ಸರಿಯಾಗುತ್ತಿತ್ತೆ?

ಹೆಣ ಅಲ್ಲಿಂದಲೇ ಸ್ಮಶಾನಕ್ಕೆ ಹೋಯಿತು. ಬೀದಿ ಖಾಲಿಯಾಯಿತು. ಗಿರಿಜಮ್ಮ ಮಾತ್ರ ಚಪ್ಪಡಿ ಬಿಟ್ಟು ಏಳಲಿಲ್ಲ.

"ಅಮ್ಮಾ, ಒಳಗೆ ಬಾ. ಸ್ನಾನ ಮಾಡು. ಜನ ನೋಡ್ತಾವ್ರೆ."

"ನೋಡ್ಲಿ ಬಿಡು."

"ಬಿಸ್ಲು ಅಮ್ಮಾ..."

"ಅವಳಿಗೆ ಇರ್ಲಿಲ್ವಾ ಬಿಸ್ಲು?" ಗಿರಿಜಮ್ಮ ಮೊದಲ ಸಲ ಮಗನತ್ತ ತಿರುಗಿದಳು. "ನಂಗೂ ವಯಸ್ಸಾಯ್ತು ಕಣೋ. ಯಾವತ್ತು ಹೋಗ್ತೀನೋ, ಯಾವ ನಕ್ಷತ್ರದಲ್ಲಿ ಹೋಗ್ತೀನೋ ಯಾರು ಕಂಡವ್ರೆ? ನಿನ್ನ ಮನೆಗೆ ಯಾಕೆ ತೊಂದ್ರೆ... ಇಲ್ಲೇ ಇರ್ತೀನಿ ಬಿಡು."

ಭೂಷಣ ಗೇಟು ದಾಟಿ ಬಂದ. ಅದೇ ಚಪ್ಪಡಿಯ ಮೇಲೆ ತಾಯಿಯ ಪಾದ ಹಿಡಿದು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ತಪ್ಪಾಯ್ತಮ್ಮಾ... ತಪ್ಪಾಯ್ತು..."

ಗಿರಿಜಮ್ಮ ಪಾದ ಹಿಂದಕ್ಕೆ ಎಳೆದುಕೊಂಡಳು.

"ನಂಗ್ಯಾಕೆ ಹೇಳ್ತೀಯ? ಕೇಳಿಸ್ಕೋಬೇಕಾದೋಳು ಹೋದ್ಲು."

*

ನೆಮ್ಮದಿಯಾಗಿ ಸಾಯಲು ಬಿಡದ ಗೋಡೆಗಳಿಗೆ ಎಷ್ಟೇ ಬಾಡಿಗೆ ಬಂದರೂ, ಅವು ಮನೆ ಅನ್ನಿಸಿಕೊಳ್ಳುವುದಿಲ್ಲ.

ಮನೆ ಕೇಳಿಕೊಂಡು ಬಂದವರನ್ನು "ವಯಸ್ಸಾದವರು ಇದ್ದಾರಾ?" ಎಂದು ನಾವು ವಿಚಾರಿಸುವುದು ಅವರಿಗೊಂದು ಕುರ್ಚಿ ಹಾಕುವುದಕ್ಕೋ... ಬಾಗಿಲು ಹಾಕುವುದಕ್ಕೋ?