ಕಣ್ಣಂಚಿನ ಪರಮಾಣು

ಕಪ್ಪು ಪರದೆ ಸರಿಸಿ ಬುರ್ಗಿ ತಂದೆಯನ್ನು ಪ್ರಯೋಗಾಲಯದೊಳಗೆ ಕರೆತಂದಳು. ಕಸ್ಸಿಯಾನ್ ಪ್ಲಾಟ್ನರ್ ಚರ್ಚಿಗೆ ಬಂದವನಂತೆ ಹ್ಯಾಟು ತೆಗೆದು ಎದೆಗೊತ್ತಿಕೊಂಡ. ಆಸ್ಟ್ರಿಯಾದ ಟಿರೋಲ್ ಸೀಮೆಯ ಬೆಟ್ಟಗಳಲ್ಲಿ ಬೇಟೆಗಾರನಾಗಿ ಬದುಕು ಸವೆಸಿದವನು. ಈಗ ಅವನ ಎರಡೂ ಕಣ್ಣುಗಳ ನಡುಭಾಗ ಸತ್ತುಹೋಗಿತ್ತು. ಎದುರಿಗಿದ್ದವರ ಮುಖವಿರಬೇಕಾದಲ್ಲಿ ಬರೀ ಬೂದು ಮಚ್ಚೆ. ಅಂಚಿನಲ್ಲಷ್ಟೇ ಒಂದಿಷ್ಟು ಬೆಳಕು ಉಳಿದಿತ್ತು. ಅದೂ ಹೆಚ್ಚು ದಿನದ್ದಲ್ಲ ಎಂದಿದ್ದರು ಇನ್ಸ್‌ಬ್ರುಕ್ಕಿನ ವೈದ್ಯರು. ಅಷ್ಟರೊಳಗೆ, ಹೊಸ ಬಗೆಯ ಕಂಪ್ಯೂಟರಿಗಾಗಿ ಮಗಳು ಹಿಡಿದಿಟ್ಟಿರುವ ಪರಮಾಣುವನ್ನು ನೋಡಬೇಕೆಂದು ಹಟ ಹಿಡಿದು ಬಂದಿದ್ದ.

ಬುರ್ಗಿಗೆ ಮನಸ್ಸಿರಲಿಲ್ಲ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯೊಳಗೆ ಬೇರಿಯಂನ ಒಂದೇ ಒಂದು ಪರಮಾಣು, ಯಾವುದನ್ನೂ ತಾಕದೆ, ಲೇಸರ್ ಬೆಳಕಿನಲ್ಲಿ ಮಿನುಗುತ್ತ ತೇಲುತ್ತಿತ್ತು. ಒಳ್ಳೆಯ ಕಣ್ಣಿನವರಿಗೂ ಅದು ಸುಲಭಕ್ಕೆ ಕಾಣುವುದಿಲ್ಲ. ಅವಳ ಜೊತೆ ಕೆಲಸ ಮಾಡುವ ಸೆವೆರಿನ್ ದೀಪ ಆರಿಸಿದ. ಕಣ್ಣು ಕತ್ತಲಿಗೆ ಒಗ್ಗಲೆಂದು ಮೂವರೂ ಸುಮ್ಮನೆ ಕೂತರು. ಎಲ್ಲೋ ಒಂದು ಪಂಪು ನಿದ್ದೆಯಲ್ಲಿದ್ದವರಂತೆ ಉಸಿರಾಡುತ್ತಿತ್ತು.

"ಇಷ್ಟು ಚಿಕ್ಕದು ಲೆಕ್ಕ ಹೇಗೆ ಮಾಡ್ತದೆ?" ಎಂದು ಕೇಳಿದ ಕಸ್ಸಿಯಾನ್.

"ಮಾಮೂಲಿ ಕಂಪ್ಯೂಟರಿನಲ್ಲಿ ದೀಪ ಉರೀತಿರ್ಬೇಕು, ಇಲ್ಲಾ ಆರಿರ್ಬೇಕು ಅಪ್ಪ. ಇದಕ್ಕೆ ಆ ಹಂಗಿಲ್ಲ. ಉರಿಯೋದು, ಆರೋದು ಎರಡನ್ನೂ ಒಟ್ಟಿಗೇ ಹೊತ್ಕೊಂಡಿರತ್ತೆ. ಇಂಥವು ಹತ್ತಾರು ಹೆಣೆದ್ಕೊಂಡ್ರೆ ಸಾವಿರಾರು ದಾರಿ ಒಮ್ಮೆಗೇ ತೆರ್ಕೊಳ್ತವೆ. ತಪ್ಪು ದಾರಿಗಳು ನೀರಿನ ಅಲೆ ಥರ ಒಂದನ್ನೊಂದು ಅಳಿಸೋ ಹಾಗೆ ಮಾಡೋದು ನಮ್ಮ ಕೆಲಸ. ಸರಿಯಾದದ್ದು ಉಳ್ಕೊಳತ್ತೆ."

"ಆಮೇಲೆ ನೋಡ್ತೀರಿ."

"ಹೂಂ. ನೋಡಿದ ಕೂಡ್ಲೇ ಎರಡರಲ್ಲಿ ಒಂದಾಗ್ಬಿಡತ್ತೆ. ಅದಕ್ಕೇ ಲೆಕ್ಕ ಮುಗಿಯೋವರೆಗೂ ನೋಡೋ ಹಾಗಿಲ್ಲ."

"ಹೆದರುಪುಕ್ಕಲು ಪ್ರಾಣಿ," ಎಂದು ಅವನು ಕತ್ತಲಲ್ಲೇ ನಕ್ಕ.

ಬುರ್ಗಿ ಅವನ ಮುಖವನ್ನು ಮಸೂರದ ಹತ್ತಿರ ತಂದಳು. ಅವನು ಬಹಳ ಹೊತ್ತು ನೋಡಿದ. ಸಾಕು ಬಿಡಪ್ಪ ಎಂದು ಭುಜ ಮುಟ್ಟಿದರೆ ಅವಳ ಕೈ ಸರಿಸಿದ. ಮುಸ್ಸಂಜೆಯಲ್ಲಿ ಬಂಡೆಯ ಮೇಲೆ ನಿಂತ ಕಾಡುಮೇಕೆಯನ್ನು ನೇರವಾಗಿ ದಿಟ್ಟಿಸಿದರೆ ಅದು ಕಲ್ಲಿನಲ್ಲಿ ಕರಗಿಹೋಗುತ್ತದೆ, ಕಣ್ಣಂಚಿಗಷ್ಟೇ ಸಿಗುತ್ತದೆಂದು ಬೇಟೆಗಾರರಿಗೆ ಗೊತ್ತು. ಅವನು ನೋಟವನ್ನು ಮೆಲ್ಲಗೆ ಪಕ್ಕಕ್ಕೆ ಹೊರಳಿಸಿದ.

"ಇದೆ," ಎಂದ. "ನೀಲಿ. ಅಲ್ಲ, ಹಸಿರು ಬೆರೆತ ನೀಲಿ."

ಬುರ್ಗಿಗೆ ನಂಬಿಕೆ ಬರಲಿಲ್ಲ. ಆ ಬಣ್ಣವನ್ನು ಫೋನಿನಲ್ಲಿ ಅವಳೇ ಎಷ್ಟೋ ಸಲ ಬಣ್ಣಿಸಿದ್ದಳು. ಮಗಳ ಮನಸ್ಸು ನೋಯದಿರಲೆಂದು ಅಪ್ಪ ಕಾಣದ್ದನ್ನೂ ಕಂಡೆನೆನ್ನುವವನು. ಅವಳ ಅನುಮಾನ ಸೆವೆರಿನ್‌ಗೆ ಅರ್ಥವಾಯಿತು.

"ಪ್ಲಾಟ್ನರ್ ಅವ್ರೇ, ಈಗ ನಾನು ಅದನ್ನ ಎರಡೂ ಆಗಿರೋ ಹಾಗೆ ಮಾಡ್ತೀನಿ. ಆಮೇಲೆ ಬೆಳಕು ಬಿಡ್ತೀನಿ. ಉರೀತಿದ್ಯೋ ಆರಿದ್ಯೋ ನೀವು ಹೇಳಿ. ಮುಂಚೆ ಯಾರಿಗೂ ಗೊತ್ತಿರಲ್ಲ. ನಂಗೂ ಇಲ್ಲ, ಯಂತ್ರಕ್ಕೂ ಇಲ್ಲ."

ಸೆವೆರಿನ್ ಪ್ರತಿ ಸಲದ ಫಲಿತಾಂಶ ತೋರಿಸುವ ಕಂಪ್ಯೂಟರಿನ ಪರದೆಯನ್ನು ತನಗಷ್ಟೇ ಕಾಣುವಂತೆ ತಿರುಗಿಸಿಕೊಂಡ. ಗುಂಡಿ ಒತ್ತಿದ.

"ಆರಿದೆ," ಎಂದ ಕಸ್ಸಿಯಾನ್.

ಮತ್ತೆ ಒತ್ತಿದ. ಆರಿದೆ. ಮತ್ತೆ. ಉರೀತಿದೆ. ಮತ್ತೆ. ಕನಸಿನೊಳಗಿಂದ ಮಾತಾಡುವವನ ಹಾಗೆ ಮುದುಕ ಹೇಳುತ್ತ ಹೋದ. ಉರೀತಿದೆ, ಆರಿದೆ, ಉರೀತಿದೆ. ಎಷ್ಟೋ ಹೊತ್ತಿನ ಮೇಲೆ ಸೆವೆರಿನ್ ಪರದೆಯನ್ನು ಬುರ್ಗಿಯ ಕಡೆ ತಿರುಗಿಸಿದ. ಒಂದೂ ತಪ್ಪಿರಲಿಲ್ಲ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ದೀಪ ಹಾಕಿದಾಗ ಕಸ್ಸಿಯಾನ್ ಎದ್ದು ಗೋಡೆಯತ್ತ ಮುಖ ಮಾಡಿ ನಿಂತಿದ್ದ. ಕಣ್ಣೀರು ಮರೆಮಾಡುತ್ತಿದ್ದಾನೆಂದುಕೊಂಡು ಬುರ್ಗಿ ಪಕ್ಕದಲ್ಲಿ ಸ್ವಲ್ಪ ದೂರವೇ ಉಳಿದಳು. ಅವನು ಹಾಗೇ ಗೋಡೆ ನೋಡುತ್ತ ಅಂದ:

"ಕೂದಲು ಯಾವಾಗ ಕತ್ತರಿಸ್ಕೊಂಡೆ ಮಗಳೇ? ಕಿವಿ ಥೇಟ್ ನಿಮ್ಮಮ್ಮಂದೇ."