ಚಂದ್ರಕಲಾಳ ಮಾತ್ರೆ ಕಸದ ಬುಟ್ಟಿಗೆ

ಪ್ರತಿ ಮನೆತನದಲ್ಲೂ ಒಬ್ಬರು ಇರ್ತಾರೆ ನೋಡಿ… ಓದಿದ್ದು ಏನೋ, ಆದ್ರೆ ಡಾಕ್ಟರ್‌ಗಿಂತ ಹೆಚ್ಚು ಗೊತ್ತು!

ದಾವಣಗೆರೆಯ ಹಾಲೇಶಪ್ಪ ಅಂಥ ಮಹಾಜ್ಞಾನಿ. ಅವರು ಕಲಿತ ಯೂನಿವರ್ಸಿಟಿ… ಮೊಬೈಲ್.

ಅವರ ತಮ್ಮನ ಮಗಳು ಚಂದ್ರಕಲಾಗೆ ಫಿಟ್ಸ್ ಬರ್ತಿತ್ತು. ದಿನಾ ಮಾತ್ರೆ ತಗೊಂಡು ವರ್ಷಗಳಿಂದ ಆರಾಮಾಗಿದ್ದಳು, ಕೆಲಸಕ್ಕೂ ಹೋಗ್ತಿದ್ದಳು.

ನಿಶ್ಚಿತಾರ್ಥ ಹತ್ತಿರ ಬಂತು. ಗಂಡಿನ ಕಡೆಯವರಿಗೆ ವಿಷಯ ಹೇಳಿರಲಿಲ್ಲ. "ಹೇಳಿಬಿಡೋಣ ದೊಡ್ಡಪ್ಪ" ಅಂದವಳನ್ನ ಹಾಲೇಶಪ್ಪ ಗದರಿದರು.

"ಸುಮ್ನಿರು! ಇದು ನಿದ್ದೆ ಮಾತ್ರೆ ಜಾತಿದು, ಚಟ ಹತ್ತತೈತಿ ಅಂತ ಮೆಸೇಜ್ ಬಂದೈತಿ. ಬೀಗರ ಕಣ್ಣಿಗೆ ಬಿದ್ರೆ ಸಂಬಂಧನೂ ಹೋತು. ಇವತ್ತಿಂದ ಬಂದ್!"

ಮಾತ್ರೆ ಕಸದ ಬುಟ್ಟಿಗೆ ಹೋಯ್ತು. ಡಾಕ್ಟರ್‌ಗೆ ಒಂದು ಫೋನ್? ಛೇ… ಜ್ಞಾನಿಗಳು ಯಾರನ್ನೂ ಕೇಳಲ್ಲ.

ನಿಶ್ಚಿತಾರ್ಥದ ದಿನ ಉಡಿ ತುಂಬುವಾಗಲೇ ಚಂದ್ರಕಲಾ ಕುಸಿದು ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು…

"ಕೈಗೆ ಬೀಗದ ಕೈ ಕೊಡ್ರಿ! ಬಾಯಿಗೆ ಚಮಚ ಇಡ್ರಿ!" ಹಾಲೇಶಪ್ಪನವರ ಎಮರ್ಜೆನ್ಸಿ ವಾರ್ಡ್ ಶುರು.

ಅವರನ್ನ ಪಕ್ಕಕ್ಕೆ ತಳ್ಳಿದ್ದು ಗಂಡಿನ ತಾಯಿ ಕೊಟ್ರಮ್ಮ. ಹುಡುಗಿಯನ್ನ ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಶಾಲು ಮಡಚಿಟ್ಟರು.

"ಬಾಯಿಗೆ ಏನೂ ಹಾಕಬ್ಯಾಡ್ರಿ! ಆಂಬುಲೆನ್ಸ್ ಕರೀರಿ!"

ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿದ ವಿಷಯ ಕೇಳಿ ಡಾಕ್ಟರ್ ಕೆಂಡವಾದರು. "ಈ ಮಾತ್ರೆ ದೇಹಕ್ಕೆ ಅಭ್ಯಾಸ ಆಗೋದು ನಿಜ ಕಣ್ರೀ… ಅದಕ್ಕೇ ಒಮ್ಮೆಲೇ ನಿಲ್ಲಿಸಬಾರದು! ಬಿಡಿಸಬೇಕಾದ್ರೆ ನಾವೇ ನೋಡ್ಕೊಂಡು ಸ್ವಲ್ಪ ಸ್ವಲ್ಪ ಇಳಿಸ್ತೀವಿ. ಜೀವ ಉಳಿದಿದ್ದೇ ಹೆಚ್ಚು."

ಹಾಲೇಶಪ್ಪ ಮೊಬೈಲನ್ನ ಮೆಲ್ಲಗೆ ಜೇಬಿಗೆ ಇಳಿಸಿದರು.

ಎಚ್ಚರವಾದ ಚಂದ್ರಕಲಾ ಕೊಟ್ರಮ್ಮನ ಕೈ ಹಿಡಿದು ಅತ್ತಳು. "ಅಮ್ಮಾ… ಮುಚ್ಚಿಟ್ವಿ, ತಪ್ಪಾತು. ಸಂಬಂಧ ಬ್ಯಾಡ ಅಂದ್ರೂ ಸರಿ… ನನ್ನ ಮಾತ್ರೆ ನನಗೆ ಕೊಡಿಸ್ರಿ."

ಕೊಟ್ರಮ್ಮನ ಕಣ್ಣು ತುಂಬಿ ಬಂತು. ಬದುಕೋಕೆ ಒಂದು ಹುಡುಗಿ ಹೀಗೆ ಬೇಡಬೇಕಾ?

ಹಾಲೇಶಪ್ಪ ಆಗಲೂ ಹಲ್ಲು ಕಿರಿದರು. "ಹುಡುಗಿಗೆ ಒಳ್ಳೇದಾಗ್ಲಿ ಅಂತ ಮಾಡಿದ್ದು… ಮದುವಿ ಮುರೀಬ್ಯಾಡ್ರಿ ಬೀಗ್ರೇ."

ಕೊಟ್ರಮ್ಮ ಕಣ್ಣೊರೆಸಿಕೊಂಡರು.

"ಈಕಿ ಒಪ್ಪಿದ್ರೆ ಮದುವಿ ನಡೀತೈತಿ. ಡಾಕ್ಟ್ರು ಹೇಳಿದ ಔಷಧ ಮನಿಮಂದಿ ಎದುರಿಗೇ ತಗೊಂತಾಳ. ಆದ್ರ ನೀವು ಮದುವೀಗೆ ಬರಬ್ಯಾಡ್ರಿ."

ರೋಗ ಇರೋದು ನಾಚಿಕೆಯಲ್ಲ… ಗೊತ್ತಿಲ್ಲದೆ ಡಾಕ್ಟರ್ ಆಗೋದು ನಾಚಿಕೆ.

ನಿಮ್ಮ ಮನೆಯ ಹಾಲೇಶಪ್ಪ ಯಾರು? ಅಥವಾ… ನೀವೇನಾ?