ಒಂದು ಮಗು ಬಳಸಿದ ತೊಟ್ಟಿಲು

ಬರೀ ಒಂದು ಸಾಲು... ಅದರಿಂದ ಯಾರಿಗೇನು ಹಾನಿ?

ಬೆಳಗಿನಿಂದ ಭುವನಾ ತನಗೆ ತಾನೇ ಇದನ್ನೇ ಹೇಳಿಕೊಳ್ಳುತ್ತಿದ್ದಳು. ಆದರೂ ಮತ್ತೆ ಮತ್ತೆ ಫೋನ್ ತೆರೆದು ಆ ಸಾಲನ್ನೇ ಓದುತ್ತಿದ್ದಳು.

ಹುಬ್ಬಳ್ಳಿಯ ಆ ಪುಟ್ಟ ಬಾಡಿಗೆ ಮನೆಯ ಹಾಲ್‌ನಲ್ಲಿ ತೇಗದ ತೊಟ್ಟಿಲೊಂದು ನಿಂತಿತ್ತು. ಅಕ್ಕ ರೋಹಿಣಿ ಬಸುರಿಯಾಗಿದ್ದಾಗ ಭಾವ ಸಂಭ್ರಮದಿಂದ ತಂದಿಟ್ಟದ್ದು.

ಮಗು ಹುಟ್ಟಿದ ದಿನವೇ ಹೋಗಿಬಿಟ್ಟಿತು...

ಅಂದಿನಿಂದ ಆ ಮನೆಯಲ್ಲಿ ಯಾರೂ ಅಕ್ಕನ ಮುಂದೆ ಮಗುವಿನ ಮಾತೆತ್ತಲಿಲ್ಲ. ಅಕ್ಕ ಒಳಕೋಣೆ ಬಿಟ್ಟು ಹೊರಗೆ ಬರಲಿಲ್ಲ.

"ಅದು ಕಣ್ಣ ಮುಂದಿದ್ರ ಆಕಿ ಸುಧಾರಿಸಂಗಿಲ್ಲ. ಹಳೇ ಸಾಮಾನು ಮಾರೂ ಆ್ಯಪ್‌ನಾಗ ಹಾಕಿಬಿಡು," ಎಂದಳು ಅವ್ವ. "ಆಕಿಗೇನೂ ಕೇಳಬ್ಯಾಡ ಮತ್ತ."

ಭುವನಾ ಫೋಟೋ ತೆಗೆದು ಹಾಕಿದಳು. 'ಹೊಸ ತೊಟ್ಟಿಲು, ಒಮ್ಮೆಯೂ ಬಳಸಿಲ್ಲ' ಎಂದು ನಿಜವನ್ನೇ ಬರೆದಳು.

ಡಿಗ್ರಿ ಮುಗಿಸಿದ್ದರೂ ಅಪರಿಚಿತರ ಫೋನ್ ಎಂದರೆ ಅಂಗೈ ಬೆವರುವ ಹುಡುಗಿ ಅವಳು. ಫೋನ್ ಮಾಡಿದವರೆಲ್ಲ ಕೇಳುತ್ತಿದ್ದುದು ಒಂದೇ... "ಯಾಕ್ರೀ ಬಳಸಿಲ್ಲ?"

ಒಬ್ಬನಂತೂ ನಕ್ಕೇಬಿಟ್ಟ. "ಮದಿವಿ ಗೊತ್ತಾಗೂಕಿಂತ ಮೊದಲ ತೊಟ್ಟಿಲಾ ತಂದಿದ್ರೇನ್ರೀ ಮೇಡಮ್?"

ಅವಳು ಫೋನ್ ಕಟ್ ಮಾಡಿದಳು. ಕೂಡಲೇ ಜಾಹೀರಾತು ತಿದ್ದಿದಳು.

'ಒಂದು ಮಗು ಬಳಸಿದ್ದು. ಮಗು ಈಗ ದೊಡ್ಡದಾಗಿದೆ.'

ಅಷ್ಟೇ. ಆಮೇಲೆ ಯಾರೂ 'ಯಾಕೆ' ಎನ್ನಲಿಲ್ಲ...

ಮಧ್ಯಾಹ್ನ ಬಾಗಿಲಲ್ಲಿ ಆಟೋ ನಿಂತಿತು. ಇಳಕಲ್ ಸೀರೆಯ ಅಜ್ಜಿಯೊಬ್ಬಳು ಇಳಿದು, ತನ್ನ ಹೆಸರು ನೀಲವ್ವ ಎನ್ನುತ್ತಲೇ ಒಳಗೆ ಬಂದಳು. ತೊಟ್ಟಿಲು ನೋಡಿದ್ದೇ ಮುಖ ಅರಳಿತು.

"ಮೊಮ್ಮಗಳು ಹಡದಾಳವ್ವಾ. ಅಂಗಡ್ಯಾಗ ಹೊಸಾವು ಬೇಕಾದಷ್ಟು ಅದಾವ. ನಾ ಒಲ್ಲೆ ಅಂದೆ. ಕೂಸು ಆಡಿ ಬೆಳೆದ ತೊಟ್ಟಿಲಾನ ಬೇಕು ನಮಗ. ಇಡೀ ಮೊಬೈಲ್‌ನಾಗ ನಿಂದೊಂದರಾಗ ಬರದಿತ್ತು ನೋಡು, ಕೂಸು ದೊಡ್ಡದಾಗೇತಿ ಅಂತ!"

ಭುವನಾ ಅಡುಗೆಮನೆಯತ್ತ ನೋಡಿದಳು. ತಪ್ಪಿಸಿಕೊಳ್ಳಲು ಬರೆದ ಸಾಲೇ ಈ ಅಜ್ಜಿಯನ್ನು ಇಲ್ಲಿಗೆ ಎಳೆದು ತಂದಿತ್ತು.

ನೀಲವ್ವ ಚೀಲದಿಂದ ಪೇಡೆಯ ಪೊಟ್ಟಣ ತೆಗೆದಳು. ಒಂದು ಹಳದಿ ಅಂಗಿಯನ್ನೂ.

"ಗಂಡೋ ಹೆಣ್ಣೋ ಗೊತ್ತಾಗಲಿಲ್ಲ, ಅದಕ್ಕ ಹಳದಿ ತಂದೆ. ಕರಿಯವ್ವಾ ಕೂಸನ್ನ. ಅದರ ಕೈಯಾಗ ಪೇಡೆ ಇಟ್ಟು, 'ನಿನ್ನ ತೊಟ್ಟಿಲಾ ನಮ್ಮ ಪುಟ್ಟಿಗೆ ಕೊಡ್ತೀಯೇನ' ಅಂತ ಕೇಳೇ ಒಯ್ಯಬೇಕು. ಇಲ್ಲಂದ್ರ ಕೂಸು ಮುನಿಸ್ಕೊಂತೈತಿ."

ಅಡುಗೆಮನೆಯಿಂದಲೇ ಅವ್ವ ಕೂಗಿದಳು. "ಕೂಸು ಅಜ್ಜಿ ಊರಿಗೆ ಹೋಗೇತ್ರಿ!"

"ಅಜ್ಜಿ ನೀವಲ್ಲೇನ್ರಿ ಮತ್ತ?" ನೀಲವ್ವ ನಕ್ಕಳು.

"ಆ ಕಡೆ ಅಜ್ಜಿರೀ..."

"ಆತಳ. ಫೋನ್ ಹಚ್ಚು, ಫೋನಿನಾಗ ಕೇಳ್ತೀನಿ. ಹೆಸರೇನವ್ವಾ ಅದರದ್ದು?"

ಹೆಸರು...

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು, ಏನಾದರೊಂದು ಹೇಳು ಎಂದು ಕಣ್ಸನ್ನೆ ಮಾಡುತ್ತಿದ್ದಳು. ಒಂದಲ್ಲ, ನಾಲ್ಕಾರು ಹೆಸರು ಭುವನಾಳ ನಾಲಿಗೆಯ ತುದಿಗೆ ಬಂದವು. ಅಷ್ಟು ಸಲೀಸಾಗಿ ಬಂದದ್ದಕ್ಕೇ ಅವಳಿಗೆ ಭಯವಾಯಿತು.

"ಅಜ್ಜಿ... ಹೆಸರಿಲ್ರಿ. ಹೆಸರಿಡೂಕಿಂತ ಮೊದಲ ಹೋತು. ಇದರಾಗ ಯಾರೂ ಮಲಗಿಲ್ಲ. ನಾ ಸುಳ್ಳು ಬರದಿದ್ದೆ."

"ಭುವನಾ!" ಎಂದಳು ಅವ್ವ.

ನೀಲವ್ವ ತೊಟ್ಟಿಲ ಮೇಲಿನ ಕೈ ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಹಳದಿ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ತಪ್ಪು ತಿಳ್ಕೋಬ್ಯಾಡ್ರವ್ವಾ... ನಾ ಒಯ್ಯಂಗಿಲ್ಲ. ನನಗ ಅಂಜಿಕಿ ಆಗತೈತಿ."

ಹೊರಡಲು ತಿರುಗಿದವಳು ಹಾಗೇ ನಿಂತಳು.

ಒಳಕೋಣೆಯ ಪರದೆ ಹಿಡಿದು ಅಕ್ಕ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನೀಲವ್ವ ಸಮಾಧಾನದ ಮಾತು ಹೇಳಲಿಲ್ಲ. ದೇವರ ಇಚ್ಛೆ ಎನ್ನಲಿಲ್ಲ. ಹತ್ತಿರ ಹೋಗಿ, ಯಾವ ಬಾಣಂತಿಯನ್ನಾದರೂ ಕೇಳುವ ಹಾಗೆ ಕೇಳಿದಳು...

"ಕೂಸು ಯಾರ ಹಂಗಿತ್ತವ್ವಾ?"

ಆ ಮನೆಯಲ್ಲಿ ಇಷ್ಟು ದಿನ ಯಾರೂ ಅಕ್ಕನನ್ನು ಕೇಳದ ಪ್ರಶ್ನೆ.

ಅಕ್ಕ ಪರದೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಗೊತ್ತಿಲ್ರಿ ಅಜ್ಜಿ... ಆಪರೇಷನ್ ಆಗಿ ನನಗ ಎಚ್ಚರಾಗೂದ್ರಾಗ ಮಣ್ಣು ಮಾಡಿಬಿಟ್ಟಿದ್ರು. ನಾ ನೋಡೇ ಇಲ್ಲ. ಕೇಳಿದ್ರ ಇವರ್ಯಾರೂ ಬಾಯಿ ಬಿಡವಲ್ಲರು."

"ನಿನಗ ನೋವಾಗತೈತಿ ಅಂತ..." ಎಂದ ಅವ್ವ ಸೆರಗು ಬಾಯಿಗಿಟ್ಟು ಅಲ್ಲೇ ಕೂತಳು.

ಭುವನಾ ತನ್ನ ಕೈಗಳನ್ನೇ ನೋಡಿಕೊಂಡಳು.

ಅಂದು ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಕೊಟ್ಟದ್ದು ಅವಳ ಕೈಗೇ. ಮಣ್ಣಿಗೆ ಒಯ್ಯುವವರು ಬರುವವರೆಗೂ ಎತ್ತಿಕೊಂಡು ಕೂತಿದ್ದಳು... ಕಣ್ತುಂಬ ನೋಡಿದ್ದಳು. ಯಾರಿಗೂ ಹೇಳಿರಲಿಲ್ಲ. ಹೇಳದಿರುವುದೇ ಅಕ್ಕನ ಮೇಲಿನ ಪ್ರೀತಿ ಎಂದುಕೊಂಡಿದ್ದಳು.

ಅವಳು ಹೋಗಿ ಅಕ್ಕನ ಎರಡೂ ಕೈ ಹಿಡಿದಳು.

"ನಾ ಎತ್ಕೊಂಡಿದ್ದೆ ಅಕ್ಕಾ... ತಲಿತುಂಬ ಕೂದಲಿತ್ತು. ಗದ್ದದಾಗ ಥೇಟ್ ನಿನ್ನಂಗ ಸಣ್ಣ ಕುಳಿ ಇತ್ತು. ಭಾಳ ಚಂದಿದ್ಲು ನಿನ್ನ ಮಗಳು."

*

ನೋವಾದೀತೆಂದು ನಾವು ನುಂಗಿಕೊಂಡ ಮಾತಿಗಾಗಿಯೇ ಮನೆಯಲ್ಲೊಬ್ಬರು ಹಗಲಿರುಳು ಕಾಯುತ್ತಿರಬಹುದು.

ನಿಮ್ಮ ಮನೆಯಲ್ಲಿ ಯಾರೂ ಎತ್ತದ ಆ ಮಾತು ಯಾವುದು... ಅದನ್ನು ಕೇಳಲು ಕಾಯುತ್ತಿರುವವರು ಯಾರು?